ಕೂಲಂಟ್ ಖಾಲಿಯಾದ ಹೊತ್ತಿಗೇ ಕುರುಡಾಗುವ ಮೀಟರು

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡ್ತೀನಿ.

ಮೂಡಿಗೆರೆಯಲ್ಲಿ ಚಿಕ್ಕಪ್ಪನ ಗ್ಯಾರೇಜಿಗೆ ಹೋಗಿದ್ದೆ. ಬೆಂಚಿನ ಮೇಲೆ ಒಂದು ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳದ ಭಾಗ) ಬಿಚ್ಚಿಟ್ಟಿದ್ದರು. ಧರ್ಮಸ್ಥಳ ಮುಗಿಸಿ ಚಾರ್ಮಾಡಿ ಹತ್ತಿ ಬರುತ್ತಿದ್ದ ಒಂದು ಸಂಸಾರದ ಕಾರಿನದು. ಹೋಸ್ ಪೈಪ್ ಕೂರುವ ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಘಾಟಿ ನಡುವೆ ಒಡೆದು, ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಪೂರ್ತಿ ರಸ್ತೆಪಾಲಾಗಿದೆ. ಒಳಗೆ ಕೂತವರಿಗೆ ಗೊತ್ತೇ ಆಗಿಲ್ಲ. ಪಿಕಪ್ ಬಿದ್ದು, ಕಟಕಟ ಸದ್ದು ಬಂದು, ಕೊಟ್ಟಿಗೆಹಾರ ಮುಟ್ಟುವ ಮೊದಲೇ ಗಾಡಿ ತಾನಾಗಿ ನಿಂತಿದೆ.

ಚಿಕ್ಕಪ್ಪ ಹೆಡ್ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಅಡಿಯಲ್ಲಿ ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿ ತೋರಿಸಿದರು. ಹೆಡ್ ಎಷ್ಟು ಬಾಗಿರಬಹುದು ಅನ್ನುವುದಕ್ಕೆ ಎಷ್ಟೋ ಎಂಜಿನ್‌ಗಳಲ್ಲಿ 0.05 ಮಿ.ಮೀ. ಆಸುಪಾಸೇ ಮಿತಿ. ಇಲ್ಲಿ 0.20ರ ಎಲೆ ಸಲೀಸಾಗಿ ಒಳಗೆ ಹೋಯಿತು. ಹೆಡ್ ಅಡಿಯಲ್ಲಿ ಸೋರದಂತೆ ಕೂರಿಸುವ ಗ್ಯಾಸ್ಕೆಟ್, ನಡುವಿನ ಎರಡು ಸಿಲಿಂಡರ್‌ಗಳ ಮಧ್ಯೆ ಸುಟ್ಟು ಕಪ್ಪಾಗಿತ್ತು. ಪಿಸ್ಟನ್ ಆಡುವ ಬೋರಿನೊಳಗೆ ಬೆರಳು ಆಡಿಸಿದರೆ ಉಗುರಿಗೆ ಗೀರು ತಾಗುತ್ತಿತ್ತು. ಬರೀ ಹೆಡ್ ಬೆಂಡ್ ಆಗಿದ್ದರೆ ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಿ ಮತ್ತೆ ಸಮತಟ್ಟು ಮಾಡಬಹುದಿತ್ತು. ಇದು ಪೂರ್ತಿ ಎಂಜಿನ್ ಕೆಲಸ.

ಗಾಡಿಯವರು ಹೇಳಿದ್ದು ಒಂದೇ ಮಾತು. "ಕೆಂಪು ಲೈಟ್ ಬರ್ಲೇ ಇಲ್ಲಣ್ಣ." ಕಂಪನಿಯ ಸರ್ವಿಸ್‌ನವರು ಫೋನಲ್ಲೇ ತೀರ್ಪು ಕೊಟ್ಟಿದ್ದಾರೆ. ಹೀಟ್ ಆದ ಮೇಲೂ ಓಡಿಸಿದ್ದೀರಿ, ನಿಮ್ಮ ನಿರ್ಲಕ್ಷ್ಯ, ವಾರಂಟಿ ಬರಲ್ಲ ಅಂತ. ಗಾಡಿ ನೋಡಿಲ್ಲ, ಹೆಡ್ ನೋಡಿಲ್ಲ.

ಎಂಜಿನ್ ಕಾದಿದೆ ಅನ್ನುವ ಆ ಲೈಟ್ ಯಾಕೆ ಬರಲಿಲ್ಲ? ಟೆಂಪರೇಚರ್ ಸೆನ್ಸರಿನ ತುದಿ ಸಾಮಾನ್ಯವಾಗಿ ಕೂಲಂಟ್‌ನೊಳಗೆ ಮುಳುಗಿರುತ್ತದೆ. ಅದು ಅಳೆಯುವುದು ಆ ದ್ರವದ ಬಿಸಿಯನ್ನು, ಎಂಜಿನ್ನಿನ ಬಿಸಿಯನ್ನಲ್ಲ. ಕೂಲಂಟ್ ಒಮ್ಮೆಲೇ ಹೋಯಿತೆಂದರೆ ತುದಿಗೆ ತಾಗುವುದು ಬರೀ ಗಾಳಿ, ಆವಿ. ಹೆಡ್ ಕುದಿಯುತ್ತಿರುವಾಗಲೇ ಮೀಟರ್ ಕೆಳಗಿಳಿದು "ಎಲ್ಲ ಸರಿ" ಅನ್ನಬಹುದು. ನಿಧಾನಕ್ಕೆ ಸೋರಿದರೆ ಹೇಳುತ್ತದೆ, ಪೂರ್ತಿ ಹೋದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಅತಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ ಅಲ್ವಾ?

ಇಷ್ಟು ಗೊತ್ತಿದ್ದೂ ಎಷ್ಟೋ ಕಾರುಗಳಿಗೆ ಕೂಲಂಟ್ ಮಟ್ಟ ನೋಡುವ ಬೇರೆ ಸೆನ್ಸರ್ ಕೊಡುವುದಿಲ್ಲ. ಬಿಸಿ ತೋರಿಸಲು ಇದ್ದ ಮೀಟರಿನ ಮುಳ್ಳನ್ನೂ ತೆಗೆದುಬಿಟ್ಟಿದ್ದಾರೆ. ತಣ್ಣಗಿದ್ದರೆ ನೀಲಿ ಲೈಟು, ಕಾದರೆ ಕೆಂಪು ಲೈಟು, ಅಷ್ಟೇ. ಮುಳ್ಳು ಇರುವ ಹಲವು ಕಾರುಗಳಲ್ಲೂ ಬಿಸಿ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವ ಹಾಗೆ ಮಾಡಿಟ್ಟಿರುತ್ತಾರೆ. ಗಿರಾಕಿ ಗಾಬರಿಯಾಗಬಾರದಂತೆ. ಗಾಬರಿ ಆಗಲಿ ಬಿಡಿ! ಗಾಬರಿಯಾದವನು ಗಾಡಿ ನಿಲ್ಲಿಸುತ್ತಾನೆ.

"ಮುಳ್ಳು ಕೊಟ್ಟರೂ ಯಾರು ನೋಡ್ತಾರೆ" ಅಂತ ಒಬ್ಬ ಗೆಳೆಯ ವಾದ ಮಾಡಿದ. ಕೆಲವರು ನೋಡಲ್ಲ, ನಿಜ. ಅದಕ್ಕೆ ನೋಡುವವರಿಂದಲೂ ಕಿತ್ತುಕೊಳ್ಳಬೇಕಾ? ಸೀಟ್ ಬೆಲ್ಟ್ ಹಾಕದಿದ್ದರೆ ಕಿವಿ ಕಿತ್ತುಹೋಗುವ ಹಾಗೆ ಕೂಗುವ ಗಾಡಿಗೆ, ಕೂಲಂಟ್ ಇಲ್ಲ ಅಂತ ಒಂದು ಸಲ ಕೂಗಲು ಆಗಲ್ವಾ?

ತಂತ್ರಜ್ಞಾನ ಇಲ್ಲ ಅನ್ನುವ ಮಾತಂತೂ ಆಡಲೇಬಾರದು. ಅಮೆರಿಕದ ಕ್ಯಾಡಿಲಾಕ್ 1993ರ ಮಾಡೆಲ್‌ನಲ್ಲಿ ತಂದ ನಾರ್ತ್‌ಸ್ಟಾರ್ ವಿ8 ಎಂಜಿನ್ ನೋಡಿ. ಕೂಲಂಟ್ ಪೂರ್ತಿ ಹೋದರೂ ಅದು ಸರದಿಯ ಮೇಲೆ ನಾಲ್ಕು ಸಿಲಿಂಡರ್‌ಗಳಿಗೆ ಪೆಟ್ರೋಲ್ ನಿಲ್ಲಿಸುತ್ತಿತ್ತು. ಅವುಗಳಲ್ಲಿ ಬರೀ ಗಾಳಿ ಆಡಿ ಎಂಜಿನ್ ತಣ್ಣಗಾಗುತ್ತಿತ್ತು. ಕುಂಟುತ್ತಾದರೂ ಮನೆ ಸೇರಬಹುದಿತ್ತು. ಫೋರ್ಡ್ ಕೂಡ ತನ್ನ ಕೆಲವು ಎಂಜಿನ್‌ಗಳಲ್ಲಿ ಹೆಡ್‌ನ ಲೋಹದ ಬಿಸಿಯನ್ನೇ ಅಳೆಯುವ ಸೆನ್ಸರ್ ಹಾಕಿತು. ನಾನು ಅಷ್ಟೆಲ್ಲ ಕೇಳುತ್ತಿಲ್ಲ. ಕೂಲಂಟ್ ಡಬ್ಬಿಯಲ್ಲಿ, ಮಟ್ಟ ಇಳಿದರೆ ತಿಳಿಸುವ ಒಂದು ಸಣ್ಣ ಫ್ಲೋಟ್ (ತೇಲುಬುರುಡೆ) ಹಾಕಿ ಅಂತಿದ್ದೀನಿ.

ಅಲ್ಲಿವರೆಗೆ ನಾವೇ ಎಚ್ಚರ ಇರಬೇಕು. ಘಾಟಿ ಹತ್ತುವ ಮುಂಚೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ನೋಡಿಕೊಳ್ಳಿ. ಸಿಹಿ ವಾಸನೆ ಬಂದರೆ, ಹೀಟರ್ ಹಾಕಿದ್ದಾಗ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬಂದರೆ, ಪಿಕಪ್ ಬಿದ್ದರೆ, ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. "ಇನ್ನೊಂದು ತಿರುವು ಅಷ್ಟೇ" ಅನ್ನಬೇಡಿ. ಬಿಸಿ ಇರುವಾಗ ಕೂಲಂಟ್‌ನ ಕ್ಯಾಪ್ ತೆಗೆಯಲೇಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಸೀಳು ಬಿಡಬಹುದು. ಸುಮ್ನೆ ಕಾಯಿರಿ.

ಒಡೆದ ಮೂತಿ, ಹೆಡ್, ಗ್ಯಾಸ್ಕೆಟ್ ಎಲ್ಲದರ ಫೋಟೋ ಚಿಕ್ಕಪ್ಪ ತೆಗೆದಿಟ್ಟಿದ್ದಾರೆ. ಕಂಪನಿಗೆ ಕೊಡುವ ದೂರು ನಾನೇ ಬರೆದುಕೊಡುತ್ತೇನೆ. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದಿದ್ದೀನಿ. ಲೈಟ್ ಬರದೆ ಎಂಜಿನ್ ಕಳಕೊಂಡವರು ನಿಮ್ಮಲ್ಲಿ ಬೇರೆ ಯಾರಾದರೂ ಇದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬರೆಯಿರಿ, ಬಿಲ್ ಇದ್ದರೆ ಅದನ್ನೂ ಕಳಿಸಿ.