ಮಾತ್ರೆಗಿಂತ ಊಟದ ಕಡೆ ನೋಡಿ
ಮಿದುಳಿನ ನರಕೋಶಗಳು ನಿಧಾನವಾಗಿ ಹಾಳಾಗುವ, ವಂಶದಲ್ಲಿ ಬರುವ ಹಂಟಿಂಗ್ಟನ್ ಕಾಯಿಲೆಗೆ ಕೋಎಂಜೈಮ್ ಕ್ಯೂ10 (ಜೀವಕೋಶಗಳು ಶಕ್ತಿ ತಯಾರಿಸಲು ನೆರವಾಗುವ ವಸ್ತು) ಮಾತ್ರೆ ಒಳ್ಳೆಯದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆದರೆ ಅದನ್ನು ಪರೀಕ್ಷಿಸಿ ಆಗಿದೆ ಅಲ್ವಾ? 609 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2400 ಮಿಲಿಗ್ರಾಂ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ವ್ಯತ್ಯಾಸ ಕಾಣದೆ 2014ರಲ್ಲಿ ನಿಲ್ಲಿಸಿದರು. ಸ್ನಾಯುಗಳಿಗೆ ಶಕ್ತಿ ಒದಗಿಸುವ ಕ್ರಿಯಾಟಿನ್ ಎಂಬ ಪೂರಕದ್ದೂ ಅದೇ ಕಥೆ, ದಿನಕ್ಕೆ 40 ಗ್ರಾಂವರೆಗೆ ಕೊಟ್ಟರೂ.

ಇದೇ ಕಾಯಿಲೆಯ ನಮ್ಮಣ್ಣನಿಗೆ ಎರಡು ವರ್ಷ ಕ್ಯೂ10 ಮಾತ್ರೆ ಕೊಟ್ಟೆವು. ತೂಕ ಇಳಿಯುತ್ತಲೇ ಇತ್ತು, ಅಂಗಿಯ ಕಾಲರ್ ಜೋತು ಬೀಳುತ್ತಿತ್ತು. ಕೈಕಾಲು ಸದಾ ಅಲುಗುತ್ತಿರುತ್ತವೆ, ಈ ಕಾಯಿಲೆಯಲ್ಲಿ ಮೈಗೆ ಊಟ ಜಾಸ್ತಿಯೇ ಬೇಕು. ಈಗ ಗಟ್ಟಿ ರಾಗಿ ಗಂಜಿಗೆ ತುಪ್ಪ ಹಾಕಿ, ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ದಿನಕ್ಕೆ ಆರು ಸಲ ಕೊಡುತ್ತೇವೆ. ನೀರು ಕುಡಿದರೆ ಕೆಮ್ಮುತ್ತಾನೆ, ಗಂಜಿ ಸಲೀಸಾಗಿ ಇಳಿಯುತ್ತದೆ. ನುಂಗುವ ಕಷ್ಟದ ಬಗ್ಗೆಯೂ ದಯವಿಟ್ಟು ನಾಲ್ಕು ಸಾಲು ಸೇರಿಸಿ.