ಕಪ್ಪು ಬಳಿದಿದ್ದೇವೆ, ದಯವಿಟ್ಟು ಸಹಕರಿಸಿ

ಅವಳಿ ನಗರದ ಒಂದು ಕಚೇರಿ ತನ್ನ ಹಳೇ ವೆಬ್‌ಸೈಟಿಗೆ ಡಾರ್ಕ್ ಮೋಡ್, ಅಂದರೆ ಕಪ್ಪು ಹಿನ್ನೆಲೆಯ ಮೇಲೆ ತಿಳಿ ಬಣ್ಣದ ಅಕ್ಷರ, ಹಾಕಿಸಿದೆ. ಯಾವ ಕಚೇರಿ ಅಂತ ಕೇಳಬೇಡಿ. ನನ್ನ ಅರ್ಜಿ ಇನ್ನೂ ಅಲ್ಲೇ ಇದೆ. ಹುಬ್ಬಳ್ಳಿಯವರು ಅದು ಧಾರವಾಡದ್ದು ಅಂತಾರೆ, ಧಾರವಾಡದವರು ಹುಬ್ಬಳ್ಳಿದು ಅಂತಾರೆ. ಅಷ್ಟು ಗುರುತು ಸಾಕು.

ವೆಬ್‌ಸೈಟಿಗೆ ವಯಸ್ಸಾಗಿತ್ತು. ‘ಹೊಸತು’ ಎಂದು ಮಿಣಮಿಣ ಮಿನುಗುವ ಕೆಂಪು ಪಟ್ಟಿ, ಅದರ ಪಕ್ಕದ ಸುತ್ತೋಲೆ ಕೋವಿಡ್ ಕಾಲದ್ದು. ಎಂದೋ ವರ್ಗವಾಗಿ ಹೋದ ಸಾಹೇಬರು ಫೋಟೋದಲ್ಲಿ ಇನ್ನೂ ನಗುತ್ತಿದ್ದರು. ಅರ್ಜಿ ತುಂಬಿ ಕೊನೇ ಕಾಲಮ್ಮಿಗೆ ಬಂದರೆ ಸೆಷನ್ ಮುಗಿಯಿತು, ಮತ್ತೆ ಮೊದಲಿಂದ ಬನ್ನಿ ಅನ್ನುತ್ತಿತ್ತು. ಇದರಲ್ಲಿ ಮೊದಲು ಯಾವುದನ್ನು ರಿಪೇರಿ ಮಾಡಬೇಕು ಎಂದು ಮೀಟಿಂಗ್ ಕರೆದರು. ಬಣ್ಣ ಎಂದು ತೀರ್ಮಾನವಾಯಿತು.

ತಪ್ಪೇನೂ ಇಲ್ಲ. ಮೀಟಿಂಗಿನಲ್ಲಿ ಸರ್ವರ್ ಅಂದರೆ ಎಲ್ಲರೂ ಚಹಾ ಬಂತಾ ಅಂತ ಬಾಗಿಲ ಕಡೆ ನೋಡುತ್ತಾರೆ. ಬಣ್ಣ ಅಂದರೆ ಎಲ್ಲರೂ ತಜ್ಞರು. ಹಸಿರು ಬೇಡ, ಅದು ಒಂದು ಪಕ್ಷದ್ದು. ಕೇಸರಿ ಬೇಡವೇ ಬೇಡ. ಹಳದಿ-ಕೆಂಪು ಹಾಕಿಬಿಟ್ಟರೆ ನವೆಂಬರ್ ಮುಗಿದ ಮೇಲೆ ತೆಗೆಯುವ ಧೈರ್ಯ ಯಾರಿಗಿದೆ? ಧಾರವಾಡದ ಹಿರಿಯರೊಬ್ಬರು ಪೇಡೆ ಬಣ್ಣ ಸೂಚಿಸಿದರು. “ಪೇಡೆ ಹುಬ್ಬಳ್ಯಾಗೂ ಸಿಗತಾವ್ರೀ, ಅದರಾಗ ನಿಮ್ಮದೇನ್ ಐತಿ?” ಎಂದು ಎದುರಿನವರು ಎದ್ದರು. ಅರ್ಧ ಗಂಟೆ ಅದೇ ಆಯಿತು. ಕೊನೆಗೆ ಎಲ್ಲ ಬಣ್ಣವನ್ನೂ ಇಡೋಣ, ಜನರೇ ಆರಿಸಿಕೊಳ್ಳಲಿ ಎಂದರು. ನಮ್ಮಲ್ಲಿ ತೀರ್ಮಾನ ಆಗದಿದ್ದಾಗ ಅದಕ್ಕೆ ಪ್ರಜಾಪ್ರಭುತ್ವ ಅನ್ನುತ್ತಾರೆ. ಕಪ್ಪಿನ ಬಗ್ಗೆ ಮಾತ್ರ ಯಾರೂ ತಕರಾರು ಎತ್ತಲಿಲ್ಲ. ಕಪ್ಪು ಬಾವುಟ ಒಬ್ಬರಿಗೆ ನೆನಪಾಯಿತಂತೆ. ಊಟದ ಹೊತ್ತಾಗಿತ್ತು, ಸುಮ್ಮನಾದರು.

ಇದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ. ಅಲ್ಲಿ ಕೇಸರಿ ಎಂದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಬರೆದಿರುವ ಕೇಸರಿಯೇ ಆಗಬೇಕು. ಛಾಯೆ ಹೆಚ್ಚುಕಡಿಮೆ ಆದರೆ ಧ್ವಜ ಪಾಸಾಗುವುದಿಲ್ಲ. ಬಣ್ಣವನ್ನೂ ಅಳೆಯಬಹುದು ಎಂದು ತಿಳಿಯಲು ಒಂದು ಆಟೋ ಹತ್ತಿದ್ದರೆ ಸಾಕಿತ್ತು.

ವೆಬ್‌ಸೈಟಿನ ಅಕ್ಷರಕ್ಕೂ ಅಳತೆ ಇದೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು ಎನ್ನುವ ಅಂತರರಾಷ್ಟ್ರೀಯ ನಿಯಮ 2008ರಲ್ಲೇ ಬಂದಿದೆ. ಸರ್ಕಾರಿ ವೆಬ್‌ಸೈಟುಗಳಿಗೆ ಕೇಂದ್ರದ ಮಾರ್ಗಸೂಚಿ 2009ರಲ್ಲಿ ಬಂತು. ಎಷ್ಟೋ ಸರ್ಕಾರಿ ಪುಟಗಳ ತಲೆಯ ಮೇಲೆ ಅಕ್ಷರ ದೊಡ್ಡದು-ಚಿಕ್ಕದು ಮಾಡುವ ಬಟನ್, ಅದರ ಪಕ್ಕ ಕಪ್ಪು-ಬಿಳಿ ಚೌಕ ಇರುತ್ತವಲ್ಲ, ಅದು ದೃಷ್ಟಿ ಮಂದ ಇರುವವರಿಗಾಗಿ. ನಮ್ಮ ಕಚೇರಿಯ ಪುಟದಲ್ಲೂ ಆ ಚೌಕ ಇತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಆಗಲಿಲ್ಲ, ಯಾರೂ ಕೇಳಲೂ ಇಲ್ಲ. ಈಗ ಅದನ್ನು ಕಿತ್ತು ಅದೇ ಜಾಗದಲ್ಲಿ ಚಂದ್ರನ ಚಿತ್ರ ಕೂರಿಸಿದ್ದಾರೆ. ದೃಷ್ಟಿ ಮಂದ ಇರುವವರಿಗೆ ಬೇಕಾದಾಗ ಬಾರದ ಕಪ್ಪು, ಫ್ಯಾಷನ್ ಕೇಳಿದಾಗ ಬಂತು.

ಉದ್ಘಾಟನೆ ಜೋರಾಗಿಯೇ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಗೋಡೆ ಮೇಲೆ ಪ್ರೊಜೆಕ್ಟರಿನಿಂದ ವೆಬ್‌ಸೈಟ್ ಬಿಟ್ಟಿದ್ದರು. ಗಣ್ಯರು ಮೌಸ್ ಹಿಡಿದು ಚಂದ್ರನನ್ನು ಒತ್ತಿದರು. ಗೋಡೆ ಗೋಡೆಯಾಗಿಯೇ ಉಳಿಯಿತು. ಪ್ರೊಜೆಕ್ಟರಿಗೆ ಬೆಳಕು ಚೆಲ್ಲಲು ಬರುತ್ತದೆ, ಕಪ್ಪು ಚೆಲ್ಲಲು ಬರುವುದಿಲ್ಲ. ಹಾಲಿನ ಟ್ಯೂಬ್‌ಲೈಟ್ ಎಲ್ಲ ಉರಿಯುತ್ತಿರುವಾಗ ಕಪ್ಪು ಪುಟ ಎಂದರೆ ಬರೀ ಸುಣ್ಣ ಬಳಿದ ಗೋಡೆ. ಎರಡು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು, ಹಿಂದಿನವರೂ ತಟ್ಟಿದರು. “ಭಾಳ ಚಂದ ಕಾಣಾಕತ್ತೈತ್ರಿ ಸರ್” ಎಂದು ಒಬ್ಬರು ಗೋಡೆ ನೋಡುತ್ತಲೇ ಹೇಳಿದರು.

ಭಾಷಣದಲ್ಲಿ ಇದರಿಂದ ವಿದ್ಯುತ್ ಉಳಿಯುತ್ತದೆ ಎಂದರು. ಉಳಿಯುತ್ತದೆ, ಯಾವ ಪರದೆಯಲ್ಲಿ ಅನ್ನುವುದು ಪ್ರಶ್ನೆ. ಓಎಲ್ಇಡಿ ಪರದೆಯಲ್ಲಿ ಕಪ್ಪು ಎಂದರೆ ಆ ಚುಕ್ಕೆ ಆರಿದ ಹಾಗೆ, ಅಲ್ಲಿ ಕರೆಂಟ್ ಉಳಿತಾಯ ನಿಜ. ಅಲ್ಲೂ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದು ನೋಡಿದಾಗ, ಫೋನಿನ ಬೆಳಕು 30ರಿಂದ 50 ಶೇಕಡಾದಲ್ಲಿ ಇದ್ದರೆ ಉಳಿದದ್ದು ಸರಾಸರಿ ಶೇಕಡಾ 3ರಿಂದ 9 ಮಾತ್ರ. ಕಚೇರಿಯ ಮೇಜಿನ ಮೇಲೆ ಇರುವುದು ಎಲ್‌ಸಿಡಿ ಮಾನಿಟರ್. ಅದರ ಹಿಂದಿನ ದೀಪ ಪುಟ ಕಪ್ಪಿರಲಿ ಬಿಳಿಯಿರಲಿ ಉರಿಯುತ್ತಲೇ ಇರುತ್ತದೆ. ಭಾಷಣ ನಡೆಯುವಾಗ ಮಹಡಿ ಮೇಲಿನ ಖಾಲಿ ಕೋಣೆಗಳಲ್ಲಿ ಫ್ಯಾನ್ ತಿರುಗುತ್ತಿತ್ತು.

ಕಣ್ಣಿಗೆ ತಂಪು ಎಂದೂ ಹೇಳಿದರು. ರಾತ್ರಿ ದೀಪ ಆರಿಸಿ ಮಲಗಿ ಮೊಬೈಲ್ ನೋಡುವವರಿಗೆ ತಂಪೇ ಇರಬಹುದು, ಬೇಡ ಅನ್ನಲ್ಲ. ಆದರೆ ರಾತ್ರಿ ಹನ್ನೆರಡಕ್ಕೆ ಹಾಸಿಗೆಯಲ್ಲಿ ಉರುಳಾಡುತ್ತಾ ಈ ಕಚೇರಿಯ ಪುಟ ನೋಡುವವರು ಯಾರು? ಬರುವುದು ಪಿಂಚಣಿದಾರರು, ಅದೂ ಹಗಲಲ್ಲಿ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರ್ (ಕಣ್ಣಿನ ಉಬ್ಬು ಎಲ್ಲ ಕಡೆ ಸಮವಿಲ್ಲದ ದೋಷ) ಇರುವ ಹಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರದ ಅಂಚು ಕದಡಿದಂತೆ ಕಾಣುತ್ತದೆ. ಇಲ್ಲಿ ಬಿಳಿಯೂ ಇಲ್ಲ, ಕಪ್ಪಿನ ಮೇಲೆ ಬೂದಿ ಬಣ್ಣ. ಒತ್ತಕ್ಷರವೆಲ್ಲ ಕತ್ತಲಲ್ಲಿ ಕರಗಿ ಹೋಗಿದೆ. ಕಪ್ಪು ಪರದೆ ಹೊಸದೂ ಅಲ್ಲ ಬಿಡಿ. ಹಳೇ ಕಂಪ್ಯೂಟರುಗಳಲ್ಲಿ ಕಪ್ಪಿನ ಮೇಲೆ ಹಸಿರು ಅಕ್ಷರವೇ ಇರುತ್ತಿತ್ತು. 1984ರ ಮ್ಯಾಕಿಂಟಾಷ್ ಕಾಗದದ ಹಾಗೆ ಬಿಳಿ ಮೇಲೆ ಕಪ್ಪು ತೋರಿಸಿದಾಗ ಅದೇ ದೊಡ್ಡ ಸುದ್ದಿ. 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಓಎಸ್ 13 ಫೋನಿಗೆಲ್ಲ ಕಪ್ಪು ತಂದವು. ನಮ್ಮ ಕಚೇರಿಗೆ ಸುದ್ದಿ ಈಗ ಮುಟ್ಟಿದೆ.

ಉದ್ಘಾಟನೆಯ ಮರುದಿನ ಒಂದು ದೂರು ಬಂತು. ಡಾರ್ಕ್ ಮೋಡಿನಲ್ಲಿ ಫೋಟೋಗಳೂ ತಿರುವುಮುರುವಾಗಿ ಸಾಹೇಬರು ನೆಗೆಟಿವ್ ಆಗಿಬಿಟ್ಟಿದ್ದರು. ಹಲ್ಲು ಕಪ್ಪು, ಮೀಸೆ ಬಿಳಿ. ಮಧ್ಯಾಹ್ನದ ಒಳಗೆ ಅದು ರಿಪೇರಿ ಆಯಿತು. ಈ ವೆಬ್‌ಸೈಟಿನ ಇತಿಹಾಸದಲ್ಲಿ ಅದೇ ದಿನ ಸರಿಯಾದ ದೋಷ ಇದೊಂದೇ ಇರಬೇಕು.

ಕ್ಯಾಪ್ಚಾ, ಅಂದರೆ ನಾವು ಯಂತ್ರವಲ್ಲ ಎಂದು ತೋರಿಸಲು ನೋಡಿ ಬರೆಯಬೇಕಾದ ಅಕ್ಷರಗಳು, ಮಾತ್ರ ಹಾಗೇ ಇದೆ. ಅದರ ಅಕ್ಷರ ಕಪ್ಪು, ಹಿನ್ನೆಲೆ ಪಾರದರ್ಶಕ. ಪುಟ ಕಪ್ಪಾದ ಕೂಡಲೇ ಕಪ್ಪಲ್ಲಿ ಕಪ್ಪು, ಖಾಲಿ ಡಬ್ಬಿ. ಪುಟವೋ ಈಗ ತೆರೆದ ಕೂಡಲೇ ತಾನೇ ಕಪ್ಪಾಗುತ್ತದೆ, ಚಂದ್ರನ ಜಾಗದಲ್ಲಿ ಸೂರ್ಯ ಬರುತ್ತಾನೆ. ಕಚೇರಿ ಎದುರಿನ ಆನ್‌ಲೈನ್ ಸೆಂಟರಿನ ಹುಡುಗ ಎಲ್ಲರಿಗೂ ಇದನ್ನೇ ಕಲಿಸುತ್ತಿದ್ದಾನೆ: “ಕಾಕಾ, ಮೊದಲು ಸೂರ್ಯನ್ನ ಒತ್ತರಿ. ಅಕ್ಷರ ಕಾಣತಾವು, ಬರಕೋರಿ. ಆಮ್ಯಾಲೆ ಬೇಕಂದ್ರ ಚಂದ್ರ ಒತ್ತರಿ.” ಸುತ್ತೋಲೆ ಒತ್ತಿದರೆ ಬರುವುದು ಹಳೇ ಸ್ಕ್ಯಾನ್ ಪಿಡಿಎಫ್. ಸ್ವಲ್ಪ ಸೊಟ್ಟ, ಪಂಚ್ ಮಾಡಿದ ಎರಡು ತೂತು, ಉಳಿದದ್ದೆಲ್ಲ ಹಾಲು ಬಿಳಿ. ಕತ್ತಲಿಗೆ ಹೊಂದಿಕೊಂಡಿದ್ದ ಕಣ್ಣಿಗೆ ಅದು ಹೆಡ್‌ಲೈಟ್ ಹೊಡೆದಂತೆ ರಾಚುತ್ತದೆ.

ಬಣ್ಣದ ಬಗ್ಗೆ ಇಷ್ಟು ಗಂಟು ಮುಖ ಯಾಕೆ ಅನ್ನಬೇಡಿ. ಬಣ್ಣಕ್ಕೇ ಬೆಲೆ ಕಟ್ಟುವ ಸೀಮೆ ನಮ್ಮದು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ, ಅದಕ್ಕೇ ಬೇಡಿಕೆ. ಆದರೆ ಆ ಬಣ್ಣ ಸಾರಿಗೆ ಇಳಿಯುತ್ತದೆ.

ಅಂತೂ ಅರ್ಜಿ ಹೋಯಿತು. ಆನ್‌ಲೈನ್ ಅರ್ಜಿ ಹಾಕಿದವರು ರಸೀದಿಯ ಪ್ರಿಂಟ್ ತಂದು ಕೌಂಟರಿಗೆ ಕೊಡಬೇಕು, ಅದು ನಿಯಮ. ಪುಟದಲ್ಲಿ ಪ್ರಿಂಟ್ ಬಟನ್ ಕೆಲಸ ಮಾಡುವುದಿಲ್ಲ. ಹೀಗಾಗಿ ಎಲ್ಲರೂ ಸ್ಕ್ರೀನ್‌ಶಾಟ್ ತೆಗೆದು ಝೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಬೋರ್ಡ್ ಹಾಕಿದರು: ಕಪ್ಪು ಪ್ರಿಂಟಿಗೆ ಡಬಲ್ ರೇಟ್. ಪಾಪ, ಟೋನರ್ ಅವರದು.

ಕೌಂಟರಿನಲ್ಲಿ ನನ್ನ ಮುಂದಿದ್ದ ಅಜ್ಜಾರ ಕಪ್ಪು ಹಾಳೆಯನ್ನು ಗುಮಾಸ್ತರು ಎತ್ತಿ ಹಿಡಿದರು. ಸೀಲಿನ ಮಸಿ ನೇರಳೆ. ಒಂದು ಸಲ ಹೊಡೆದರು, ಕಾಣಲಿಲ್ಲ. ಇನ್ನೊಂದು ಸಲ ಒತ್ತಿ ಹೊಡೆದರು.

“ಅಜ್ಜಾರ, ಇದರ ಮ್ಯಾಲೆ ಸೀಲ್ ಎಲ್ಲಿ ಹೊಡೀಲ್ರಿ?”

“ನಿಮ್ಮ ವೆಬ್‌ಸೈಟ್‌ನ್ಯಾಗಿಂದs ಬಂದೈತಲ್ರೀ ಸಾಹೇಬರ.”

ಗುಮಾಸ್ತರು ಹಾಳೆ ತಿರುಗಿಸಿ, ಹಿಂದಿನ ಬಿಳಿ ಬದಿಗೆ ಸೀಲ್ ಹೊಡೆದು ಕೊಟ್ಟರು. ನನ್ನ ಪಾಳಿ ಬರುವಷ್ಟರಲ್ಲಿ ಕಿಟಕಿಗೆ ಒಂದು ಬಿಳಿ ಹಾಳೆ ಅಂಟಿತ್ತು, ಮಾರ್ಕರಿನಲ್ಲಿ ಬರೆದದ್ದು: ‘ಡಾರ್ಕ್ ಮೋಡ್ ರಸೀದಿ ಸ್ವೀಕರಿಸಲಾಗುವುದಿಲ್ಲ. ವಿವರಗಳಿಗೆ ವೆಬ್‌ಸೈಟ್ ನೋಡಿ.’