53ರ ಹರೆಯದ ಮೈಕೋ

ಮಗಳು ಒಸಾಕಾದಲ್ಲಿ ಕೆಲಸಕ್ಕಿದ್ದಾಳೆ. ಅವಳನ್ನು ನೋಡಲು ಹೋದವಳು ಸಾರಿನಪುಡಿ ಕೊಟ್ಟು, ನಾಲ್ಕು ದೇವಸ್ಥಾನ ಸುತ್ತಿ ಬಂದಿದ್ದರೆ ಯಾವ ಫಜೀತಿಯೂ ಇರುತ್ತಿರಲಿಲ್ಲ. ಆದರೆ ಕ್ಯೋಟೋದಲ್ಲಿ, ಕಿಯೊಮಿಜು ದೇವಾಲಯದ ಕೆಳಗಿನ ಬೀದಿಯ ಒಂದು ಸ್ಟುಡಿಯೋ ಮುಂದೆ ಬೊಂಬೆಯಂಥ ಹುಡುಗಿಯೊಬ್ಬಳ ಫೋಟೋ ತೂಗುಹಾಕಿದ್ದರು. ದುಡ್ಡು ಕೊಟ್ಟರೆ ಯಾರನ್ನು ಬೇಕಾದರೂ ಹೀಗೆ ಮಾಡಿಕೊಡುತ್ತಾರಂತೆ.

ಮೈಕೋ ಅಂದರೆ ಗೇಶಾ, ಅಂದರೆ ಹಾಡಿ ಕುಣಿದು ಅತಿಥಿಗಳನ್ನು ರಂಜಿಸುವ ಕಲಾವಿದೆ, ಆಗಲು ಕಲಿಯುತ್ತಿರುವ ಹುಡುಗಿ. ಕ್ಯೋಟೋದವರು ಗೇಶಾ ಅನ್ನುವುದಿಲ್ಲ, ಗೇಕೋ ಅನ್ನುತ್ತಾರೆ. ಹದಿನೈದು ದಾಟಿದ ಮೇಲೆ ಮೈಕೋ, ಇಪ್ಪತ್ತರ ಹೊತ್ತಿಗೆ ಗೇಕೋ. ನನಗೆ 53. "ಅಮ್ಮ, ಅವರು ವಯಸ್ಸು ಕೇಳಲ್ಲ" ಅಂದಳು ಮಗಳು. ಧೈರ್ಯ ಹೇಳಿದಳೋ ಕುಟುಕಿದಳೋ ಗೊತ್ತಾಗಲಿಲ್ಲ.

ಮೊದಲು ಮುಖಕ್ಕೆ, ಕುತ್ತಿಗೆಗೆ ಮೇಣ ತಿಕ್ಕಿದರು. ಆಮೇಲೆ ಬಿಳಿ ಬಣ್ಣವನ್ನು ನೀರಲ್ಲಿ ಕಲಸಿ ಅಗಲ ಬ್ರಶ್ಶಿನಲ್ಲಿ ಬಳಿಯತೊಡಗಿದರು. ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಗೋಡೆಗೆ ಏನನ್ನಿಸುತ್ತದೆ ಅಂತ ಅವತ್ತು ತಿಳಿಯಿತು. ನನ್ನದು ಎಣ್ಣೆಗಪ್ಪು ಮೈಬಣ್ಣ. ಮೊದಲ ಕೋಟ್‌ಗೆ ಬೂದಿ ಬಡಿದುಕೊಂಡ ಬೈರಾಗಿಯಾದೆ. ಪಾಪ, ಆ ಹೆಂಗಸು ಒಂದು ಕ್ಷಣ ಬ್ರಶ್ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿ, ಬಟ್ಟಲಲ್ಲಿ ಇನ್ನಷ್ಟು ಬಣ್ಣ ಕಲಸಿಕೊಂಡರು. ಮೂರನೆಯ ಕೋಟ್‌ಗೆ ನಾನು ಮಾಯ.

ಕೆಂಪು ಹಚ್ಚುವಾಗ ಕೆಳತುಟಿಗೆ ಮಾತ್ರ ಹಚ್ಚಿ ಕುಂಚ ಎತ್ತಿಟ್ಟರು. ದುಡ್ಡು ಪೂರ್ತಿ ಕೊಟ್ಟಿದ್ದೀವಿ, ಅರ್ಧ ಬಾಯಿ ಯಾಕೆ ಅಂತ ಮಗಳನ್ನು ಪಿಸುಗುಟ್ಟಿ ಕೇಳಿದೆ. ಮೊದಲ ವರ್ಷದ ಮೈಕೋಗೆ ಕೆಳತುಟಿ ಮಾತ್ರವಂತೆ. ಅಂದರೆ ನಾನು ಫಸ್ಟ್ ಇಯರ್!

ಆಮೇಲೆ ಉಡಿಸುವ ಕೆಲಸ. ನಿಜವಾದ ಮೈಕೋ ಬೆನ್ನ ಮೇಲೆ ಇಳಿಬಿಡುವ ಓಬಿ ಪಟ್ಟಿ 5 ಮೀಟರಿಗೂ ಉದ್ದ. ಹತ್ತಿರ ಹತ್ತಿರ ನಮ್ಮ ಒಂದು ಸೀರೆಯನ್ನೇ ಸೊಂಟಪಟ್ಟಿ ಮಾಡಿಕೊಂಡ ಹಾಗೆ. ನನಗೆ ಬಿಗಿದದ್ದು ಎಷ್ಟುದ್ದವೋ, ಬೆಳಿಗ್ಗೆ ತಿಂದ ಅವಲಕ್ಕಿ ಮಾತ್ರ ಎದೆಗೆ ಬಂತು. ತಲೆಗೆ ವಿಗ್. ನಿಜವಾದವರಿಗೆ ಅದು ಸ್ವಂತ ಕೂದಲು; ವಾರವಿಡೀ ಕೆಡಬಾರದು ಅಂತ ಕುತ್ತಿಗೆಯಡಿ ಎತ್ತರದ ದಿಂಬಿಟ್ಟು ಮಲಗುತ್ತಾರೆ. ನನಗೆ ಹತ್ತೇ ನಿಮಿಷಕ್ಕೆ ನೆತ್ತಿ ಕೆರೆಯತೊಡಗಿತು. ಯಾರೂ ನೋಡದಾಗ ಕ್ಲಿಪ್ ಕಿತ್ತು ತೂರಿಸಿ ಕೆರೆದುಕೊಂಡೆ. ಅದು ಒಳಗೇ ಉಳಿಯಿತು.

ಹೊರಗೆ ಕಾಯುತ್ತಿದ್ದ ನಮ್ಮವರು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹಿಂದೆ ನಿಂತರು.

"ಮೋಸ ಕಣೇ. ಕತ್ತಿನ ಹಿಂದೆ ಬಳಿಯೋದೇ ಮರೆತಿದ್ದಾರೆ. ಎರಡು ಪಟ್ಟೆ ಹಾಗೇ ಕಪ್ಪಗಿದೆ."

"ಅಪ್ಪಾ, ಅದು ಬೇಕೂಂತಲೇ ಬಿಡೋದು. ಅದೇ ಚೆಂದ ಇಲ್ಲಿ" ಅಂದಳು ಮಗಳು.

"ಚೆಂದವಂತೆ! ನಮ್ಮ ಮನೆಗೆ ಪೇಂಟ್ ಮಾಡಿದವನೂ ಬೀರು ಹಿಂದೆ ಹೀಗೇ ಬಿಟ್ಟಿದ್ದ. ಅವನಿಗೆ ದುಡ್ಡು ಕಟ್ ಮಾಡಿದೆ."

ಕಾಲಿಗೆ ಒಕೋಬೋ. ಹತ್ತು ಸೆಂಟಿಮೀಟರಿನಷ್ಟು ಎತ್ತರದ ಮರದ ದಿಮ್ಮಿ, ಒಳಗೊಂದು ಗೆಜ್ಜೆ. ಎಡಗೈಯಲ್ಲಿ ನೆರಿಗೆ ಎತ್ತಿ ಹಿಡಿದು, ಬಲಗೈಯಲ್ಲಿ ಇವರ ತೋಳು ಹಿಡಿದು, ಗಿಲಿಗಿಲಿ ಅನ್ನಿಸುತ್ತ ಹೊರಟೆ. ಸಂಕ್ರಾಂತಿಗೆ ಕಿಚ್ಚು ಹಾಯಿಸಲು ಕರೆದೊಯ್ಯುವ ಹಸುವಿನ ಗತ್ತು.

ನಿಜವಾದ ಮೈಕೋಗಳು ಸಂಜೆ ಹೊತ್ತು ಕೆಲಸಕ್ಕೆ ಸರಸರ ನಡೆದುಬಿಡುತ್ತಾರೆ. ಮಟಮಟ ಮಧ್ಯಾಹ್ನ ಫೋಟೋಗೆ ನಿಲ್ಲುವವಳು ನನ್ನಂಥವಳೇ. ಗೇಕೋಗಳ ಕೇರಿಯಾದ ಗಿಯೋನ್ ಬೀದಿಗಳಲ್ಲಿ ಪ್ರವಾಸಿಗರು ಆ ಹುಡುಗಿಯರ ಬೆನ್ನು ಬಿದ್ದು ಎಷ್ಟು ಗೋಳು ಹೊಯ್ದುಕೊಂಡರೆಂದರೆ, 2019ರಲ್ಲಿ ಅಲ್ಲಿನವರು ಖಾಸಗಿ ಗಲ್ಲಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಅಂತ ಬೋರ್ಡು ಹಾಕಿದರು. ಇದನ್ನು ಮಗಳು ಹೇಳಿ ಮುಗಿಸುವಷ್ಟರಲ್ಲಿ ವಯಸ್ಸಾದ ಬಿಳಿಯ ದಂಪತಿ ನನ್ನತ್ತ ಕ್ಯಾಮೆರಾ ಎತ್ತಿದರು. "ಕೇಳಲಾ ಹತ್ತು ಸಾವಿರ?" ಅಂದರು ಇವರು. ನಾನು ನಾಚಿ ತಲೆ ತಗ್ಗಿಸಿದೆ. ನಾಚಿಕೆಯೇನೂ ಅಲ್ಲ, ವಿಗ್ಗಿನ ಭಾರ.

ಸನ್ನೆನ್‌ಜಾಕಾ ಅನ್ನುವ ಕಲ್ಲು ಮೆಟ್ಟಿಲಿನ ಇಳಿಜಾರು ಬಂತು. ಇಲ್ಲಿ ಎಡವಿ ಬಿದ್ದವರು ಮೂರು ವರ್ಷದಲ್ಲಿ ಸಾಯುತ್ತಾರೆ ಅಂತ ಊರಿನ ನಂಬಿಕೆ. ಇದನ್ನೂ ಮಗಳು ಆಗಲೇ ಹೇಳಬೇಕೆ? ಕಾಲಲ್ಲಿ ದಿಮ್ಮಿ, ಎದುರಿಗೆ ಯಮನ ಮೆಟ್ಟಿಲು. ನಾನು ಮಂತ್ರಾಲಯದ ರಾಯರನ್ನು ನೆನೆದು ಅಡ್ಡಡ್ಡ ಕಾಲಿಡುತ್ತ ಏಡಿಯ ಹಾಗೆ ಇಳಿದೆ. ನಮ್ಮವರು ಕೈ ಬಿಡಿಸಿಕೊಂಡು ಮುಂದೆ ಓಡಿ, ನನ್ನ ಕಡೆ ಮೊಬೈಲ್ ಹಿಡಿದು ಹಿಂದೆ ಹಿಂದೆ ಇಳಿಯತೊಡಗಿದರು.

"ಮೂಢನಂಬಿಕೆ ಎಲ್ಲಾ ಊರಲ್ಲೂ ಒಂದೇ ಕಣೇ. ಸ್ವಲ್ಪ ನಗು, ನಗು..."

ಧೊಪ್ಪನೆ ಸದ್ದಾಯಿತು. ಒಳ್ಳೇ ಕಂಪನಿಯ ಸ್ಪೋರ್ಟ್ಸ್ ಶೂ ತೊಟ್ಟ ಮನುಷ್ಯ ಎರಡು ಮೆಟ್ಟಿಲು ಕೆಳಗೆ ಕೂತಿದ್ದರು. ಏಳಿಸೋಣವೆಂದರೆ ನನಗೆ ಬಗ್ಗಲು ಓಬಿ ಬಿಡದು. ನಕ್ಕರೆ ಮುಖದ ಬಣ್ಣ ಬಿರಿಯುತ್ತದೆ. ಬಿರಿಯಿತು.

ಆ ಮೆಟ್ಟಿಲ ಬುಡದಲ್ಲೇ ಸೋರೆಬುರುಡೆ ಮಾರುವ ಅಂಗಡಿಯಿದೆ. ಬಿದ್ದವರು ಬುರುಡೆಯೊಂದನ್ನು ಕೊಂಡರೆ ಗಂಡಾಂತರ ಕಳೆಯುತ್ತದಂತೆ. ಮೂಢನಂಬಿಕೆಯ ಕಡುವೈರಿ ಕುಂಟುತ್ತ ಹೋಗಿ, ಚೌಕಾಸಿ ಕೂಡ ಮಾಡದೆ, ಒಂದನ್ನು ತಂದರು. "ಶೋಗೆ ಚೆನ್ನಾಗಿದೆ" ಅಂದರು.

ಈಗ ಅದು ಮೈಸೂರಿನ ನಮ್ಮ ಮನೆ ಟಿವಿ ಪಕ್ಕದಲ್ಲಿದೆ. ಬಂದವರೆಲ್ಲ ಏನಿದು ಅಂತ ಕೇಳುತ್ತಾರೆ. "ಇವಳು ಆ ವೇಷ ಹಾಕ್ಕೊಂಡು ಮೆಟ್ಟಿಲ ಮೇಲೆ ಬಿದ್ದಳಲ್ಲ, ಅದಕ್ಕೇ ತಂದೆ" ಅನ್ನುತ್ತಾರೆ ನಮ್ಮವರು.

ಬರೀ ಬುರುಡೆ.